ಹೊತ್ತು ಗೊತ್ತಾದ ಬಗೆ

2020ರ ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಶುರುವಾಗಿ ದಕ್ಷಿಣ ಬೆಂಗಳೂರಿನ ಬೀದಿಗಳಿಂದ ಒಂದಷ್ಟು ಸದ್ದುಗಳು ಇದ್ದಕ್ಕಿದ್ದಂತೆ ಮಾಯವಾದವು. ಜೆ.ಪಿ. ನಗರದ ಅಡ್ಡರಸ್ತೆಗೆ ಬೆಳಗಾಗುತ್ತಲೇ ಬಂದು ಹಾರನ್ ಒತ್ತುತ್ತಿದ್ದ ಕಂಪನಿ ಕ್ಯಾಬ್ ಬರಲಿಲ್ಲ. ಅದರ ಬೆನ್ನಿಗೇ ಬರುತ್ತಿದ್ದ ಸ್ಕೂಲ್ ವ್ಯಾನೂ ಇಲ್ಲ. ಬನಶಂಕರಿ ಮೆಟ್ರೋ ನಿಲ್ದಾಣದತ್ತ ದಾಪುಗಾಲು ಹಾಕುವವರಿಲ್ಲ, ಬಿ.ಟಿ.ಎಂ.ನಲ್ಲಿ ಪೀಜಿಯ ಮೆಟ್ಟಿಲಿಳಿದು ಸಿಲ್ಕ್ ಬೋರ್ಡ್ ಕಡೆ ಹೋಗುವ ಹುಡುಗರ ಹಿಂಡಿಲ್ಲ. ಉಳಿದವರು ಹಾಲಿನವರು, ಸೊಪ್ಪಿನವರು ಮತ್ತು ಕಸದ ಆಟೋದವರು. ಮೊದಲ ಕೆಲವು ವಾರ ಇದು ಹಬ್ಬದಂತೆಯೇ ಇತ್ತು. ಟ್ರಾಫಿಕ್ಕಿಗೆ ಸುರಿಯುತ್ತಿದ್ದ ಎರಡು ಗಂಟೆ ಮಿಕ್ಕಿತು ಅಂತ ಎಲ್ಲರೂ ಖುಷಿಪಟ್ಟರು.

ಜೂನ್ ಹೊತ್ತಿಗೆ ದೂರು ಶುರುವಾಯಿತು. ಮಿಕ್ಕಿದ ಎರಡು ಗಂಟೆ ಹಾಗಿರಲಿ, ಇಡೀ ದಿನವೇ ಕೈಗೆ ಸಿಗುತ್ತಿಲ್ಲ. ಬನಶಂಕರಿ ಎರಡನೇ ಹಂತದಲ್ಲಿರುವ ನನ್ನ ಪರಿಚಯದ ಟೆಸ್ಟಿಂಗ್ ಎಂಜಿನಿಯರ್ ಒಬ್ಬಾಕೆ ದಿನವೂ ಬೆಳಿಗ್ಗೆ ಕೆಲಸಗಳ ಪಟ್ಟಿ ಬರೆದು, ಅತಿ ಮುಖ್ಯವಾದದ್ದರ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದಳು. ರಾತ್ರಿ ನೋಡಿದರೆ ಆ ಕೆಂಪು ಗೆರೆಯದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿದಿರುತ್ತಿತ್ತು. ಸೋಮಾರಿತನ ಎಂದು ತನ್ನನ್ನು ತಾನೇ ಬೈದುಕೊಂಡಳು. ಆದರೆ ರಾತ್ರಿ ಹತ್ತರವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುವವಳನ್ನು ಸೋಮಾರಿ ಎನ್ನುವುದು ಹೇಗೆ?

ಕಂಪನಿಗಳು ಆನ್‌ಲೈನ್ ತರಬೇತಿ ಏರ್ಪಡಿಸಿದವು. ತರಬೇತುದಾರರು ತಪ್ಪದೆ ಬರೆಯುತ್ತಿದ್ದದ್ದು ನಾಲ್ಕು ಮನೆಯ ಚೌಕ: ತುರ್ತಿನದು, ತುರ್ತಲ್ಲದ್ದು, ಮುಖ್ಯವಾದದ್ದು, ಅಲ್ಲದ್ದು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಒಂದು ಭಾಷಣದಲ್ಲಿ ತುರ್ತಿಗೂ ಮುಖ್ಯಕ್ಕೂ ಇರುವ ವ್ಯತ್ಯಾಸ ಹೇಳಿದ್ದರಿಂದ ಚೌಕಕ್ಕೆ ಅವರ ಹೆಸರು ಅಂಟಿದೆ. ಆ ಮಾತು ತನ್ನದಲ್ಲ, ಒಬ್ಬ ಮಾಜಿ ಕಾಲೇಜು ಅಧ್ಯಕ್ಷರದು ಎಂದು ಅವರೇ ಅಲ್ಲಿ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚೌಕ ತಪ್ಪೇನಲ್ಲ. ಯಾವ ಕೆಲಸ ಮೊದಲು ಎಂಬುದನ್ನು ಅದು ಹೇಳುತ್ತದೆ. ಅದನ್ನು ಯಾವ ಹೊತ್ತಿನಲ್ಲಿ ಮಾಡಬೇಕು ಎಂಬ ವಿಷಯಕ್ಕೆ ಬಂದರೆ ತುಟಿ ಬಿಚ್ಚುವುದಿಲ್ಲ. ಮನೆಯಿಂದ ಕೆಲಸ ಮಾಡುವವರು ಎಡವುವುದು ಅಲ್ಲೇ. ಹೊತ್ತಿನ ಗುಟ್ಟನ್ನು ಹುಡುಕಿದವರು ಬೇರೆಯೇ ಜನ. ಅವರಲ್ಲಿ ಕೆಲವರು ಮದುರೈ ಹತ್ತಿರದ ಗುಹೆಯೊಂದರಲ್ಲಿ ಹುಡುಕಿದರು, ಕೆಲವರು ನಮ್ಮ ಜಕ್ಕೂರಿನಲ್ಲಿ.

ಕತೆ ಹಳೆಯದು. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ದ ಮೆರಾನ್, ಹಗಲು ಎಲೆ ಬಿಚ್ಚಿ ರಾತ್ರಿ ಮಡಚಿಕೊಳ್ಳುವ ಗಿಡವೊಂದನ್ನು ಬಿಸಿಲೇ ಬೀಳದ ಕತ್ತಲಲ್ಲಿಟ್ಟ. ಅದು ನಮ್ಮ ಮುಟ್ಟಿದರೆ ಮುನಿಯ ಜಾತಿಯದೇ ಇರಬೇಕೆಂದು ಈಗಿನವರು ಹೇಳುತ್ತಾರೆ. ಕತ್ತಲಲ್ಲೂ ಅದು ಹೊತ್ತು ತಪ್ಪದೆ ಬಿಚ್ಚಿಕೊಂಡಿತು, ಮಡಚಿಕೊಂಡಿತು. ಗಡಿಯಾರ ಒಳಗೇ ಇದೆಯೋ ಏನೋ ಎಂಬ ಅನುಮಾನ ಅಲ್ಲಿಂದ ಹುಟ್ಟಿತು. ಮನುಷ್ಯರ ಮೇಲೆ ಇದನ್ನು ಪರೀಕ್ಷಿಸಲು ಇನ್ನೂರು ವರ್ಷ ಹಿಡಿಯಿತು.

1938ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್ಮನ್, ಬ್ರೂಸ್ ರಿಚರ್ಡ್‌ಸನ್ ಎಂಬ ವಿದ್ಯಾರ್ಥಿಯನ್ನು ಕಟ್ಟಿಕೊಂಡು ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಹೋಗಿ 32 ದಿನ ಕೂತ. ಒಳಗೆ ಬಿಸಿಲಿಲ್ಲ, ಹಗಲು ರಾತ್ರಿ ಒಂದೇ ಚಳಿ. ಇಲಿಗಳು ಹತ್ತದಿರಲೆಂದು ಮಂಚದ ಕಾಲುಗಳನ್ನು ಡಬ್ಬಿಗಳಲ್ಲಿ ಇಳಿಸಿದ್ದರು. 24 ಗಂಟೆಯ ದಿನ ಬಿಟ್ಟು 28 ಗಂಟೆಯ ದಿನ ಬದುಕಲಾಗುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಅಂಥ ಆರು ದಿನ ಕೂಡಿಸಿದರೆ ನಮ್ಮ ಒಂದು ವಾರಕ್ಕೆ ಸರಿಹೋಗುತ್ತದೆ, ಲೆಕ್ಕ ಅಚ್ಚುಕಟ್ಟು. ಹುಡುಗ ರಿಚರ್ಡ್‌ಸನ್ ಹೊಂದಿಕೊಂಡ. ನಲವತ್ತು ದಾಟಿದ್ದ ಕ್ಲೈಟ್ಮನ್ನನ ಮೈ ಜಪ್ಪಯ್ಯ ಎನ್ನಲಿಲ್ಲ. ದೇಹದ ಉಷ್ಣತೆ ಹಳೆಯ 24 ಗಂಟೆಯ ತಾಳದಲ್ಲೇ ಏರಿ ಇಳಿಯಿತು. ವೇಳಾಪಟ್ಟಿ ಒಂದೇ, ಗುಹೆ ಒಂದೇ, ಮೈ ಮಾತ್ರ ಎರಡು.

ಕ್ಲೈಟ್ಮನ್ನನ ಇನ್ನೊಂದು ಕೆಲಸಕ್ಕೆ ಇಷ್ಟು ಹೆಸರು ಬರಲಿಲ್ಲ. ನಮ್ಮ ವಿಷಯಕ್ಕೆ ಅದೇ ಹೆಚ್ಚು ಬೇಕಾದದ್ದು. ಇಸ್ಪೀಟು ಎಲೆ ವಿಂಗಡಿಸುವುದು, ಗುಣಾಕಾರ ಮಾಡುವುದು ಇಂಥ ಕೆಲಸಗಳನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಮಾಡಿಸಿ ವೇಗವನ್ನೂ ತಪ್ಪುಗಳನ್ನೂ ಎಣಿಸಿದ. ಮೈಯ ಉಷ್ಣತೆ ಏರಿದಾಗ ಕೈ ಚುರುಕು, ತಪ್ಪು ಕಮ್ಮಿ. ಇಳಿದಾಗ ಎರಡೂ ಹದಗೆಟ್ಟವು. ಆಫೀಸಿನ ಹಾಜರಿಪುಸ್ತಕದಲ್ಲಿ ಎಲ್ಲ ಗಂಟೆಗಳಿಗೂ ಒಂದೇ ಬೆಲೆ. ಮೈ ಹಾಗೆ ಲೆಕ್ಕ ಇಡುವುದಿಲ್ಲ.

1960ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ಬಳಿಯ ಆಂಡೆಕ್ಸ್‌ನಲ್ಲಿ ಯುರ್ಗೆನ್ ಆಶಾಫ್ ನೆಲದಡಿ ಕೋಣೆ ಕಟ್ಟಿಸಿ ಜನರನ್ನು ವಾರಗಟ್ಟಲೆ ಒಂಟಿಯಾಗಿ ಇಟ್ಟರು. ಗಡಿಯಾರವಿಲ್ಲ, ಕಿಟಕಿಯಿಲ್ಲ, ರೇಡಿಯೋ ಇಲ್ಲ. ಬೇಕಾದಾಗ ದೀಪ ಹಾಕು, ಬೇಕಾದಾಗ ಮಲಗು. ಬಹುತೇಕರ ದಿನ 24 ಗಂಟೆಗಿಂತ ಉದ್ದವಾಗಿ ಬೆಳೆಯಿತು. ಕೆಲವರದಂತೂ ಎರಡು ಹಗಲಷ್ಟು ಉದ್ದವಾದರೂ ಅವರ ಪಾಲಿಗೆ ಅದು ಒಂದೇ ದಿನ. ಒಂದು ಗಂಟೆ ಕಳೆದಿದೆ ಅನ್ನಿಸಿದಾಗ ಗುಂಡಿ ಒತ್ತಿ ಎಂದು ಹೇಳಿದ್ದರು. ಯಾರ ಎಚ್ಚರದ ಹೊತ್ತು ಹಿಗ್ಗಿತ್ತೋ ಅವರ ‘ಒಂದು ಗಂಟೆ’ಯೂ ಹಿಗ್ಗಿತ್ತು. ಬೆಳಿಗ್ಗೆಯಿಂದ ಕೂತು ಏನೂ ಆಗಲಿಲ್ಲವಲ್ಲ, ಗಂಟೆ ಮೂರಾಗಿದ್ದು ಯಾವಾಗ ಎಂದು ಮನೆಯಲ್ಲಿ ಬೆಚ್ಚಿಬೀಳುವವರಿಗೆ ಈ ಗುಂಡಿಯ ಕತೆ ಹೇಳಬೇಕು.

ಆಶಾಫರ ಗುಂಪು ಮುಂದೆ ಇನ್ನೊಂದು ಪ್ರಯೋಗ ಮಾಡಿತು, ಅದರ ವರದಿ 1971ರಲ್ಲಿ ಬಂತು. ಪೂರ್ತಿ ಕತ್ತಲಲ್ಲಿ ಜನರನ್ನು ಕೂರಿಸಿ, ಗೊತ್ತಾದ ಹೊತ್ತಿಗೆ ಜಾಗಟೆ ಬಾರಿಸಿ ಊಟಕ್ಕೆ, ಪರೀಕ್ಷೆಗೆ, ಮಲಗುವುದಕ್ಕೆ ಕರೆದರು. ಕತ್ತಲಲ್ಲೂ ಅವರ ಮೈ 24 ಗಂಟೆಯ ತಾಳಕ್ಕೆ ನಿಂತಿತು. ಹೊರಗಿನಿಂದ ಬರುವ ಕರೆಯೂ ಮನುಷ್ಯನ ದಿನಕ್ಕೆ ಗೂಟ ಹೊಡೆಯಬಲ್ಲುದು ಎಂದು ಆಶಾಫ್ ತೀರ್ಮಾನಿಸಿದರು. ಆಮೇಲೆ ಹಾರ್ವರ್ಡಿನ ಚಾರ್ಲ್ಸ್ ಜೈಸ್ಲರ್ ಈ ತೀರ್ಮಾನಕ್ಕೆ ಕೊಂಚ ಕತ್ತರಿ ಹಾಕಿದರು. ಮನುಷ್ಯರಲ್ಲೂ ಬೆಳಕಿನದೇ ಮೇಲುಗೈ. ಆಂಡೆಕ್ಸ್‌ನ ಕೋಣೆಗಳಲ್ಲಿ ಮನಬಂದಾಗ ದೀಪ ಹಾಕಿಕೊಳ್ಳಲು ಬಿಟ್ಟಿದ್ದರಿಂದಲೇ ದಿನ ಅಷ್ಟು ಹಿಗ್ಗಿತ್ತು. 1999ರಲ್ಲಿ ಅವರ ತಂಡ ಲೆಕ್ಕ ಹಾಕಿದಂತೆ ಮನುಷ್ಯರ ಒಳಗಡಿಯಾರದ ಸುತ್ತು ಸರಾಸರಿ 24 ಗಂಟೆ 11 ನಿಮಿಷ. ಹನ್ನೊಂದೇ ನಿಮಿಷ. ದಿನವೂ ತಿದ್ದುವವರು ಇಲ್ಲದಿದ್ದರೆ ಒಂದು ತಿಂಗಳಿಗೆ ಐದು ಗಂಟೆ ಮೀರಿ ಜಾರುತ್ತದೆ.

ಇನ್ನು ಮದುರೈಗೆ ಬರೋಣ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಎಂಬ ಪ್ರಾಣಿಶಾಸ್ತ್ರಜ್ಞರಿದ್ದರು. ಹತ್ತಿರದ ಗುಹೆಯೊಂದರಲ್ಲಿ ಹುಳ ತಿಂದು ಬದುಕುವ ಸಣ್ಣ ಬಾವಲಿಗಳ ದೊಡ್ಡ ಸಂಸಾರವಿತ್ತು. ಹಗಲು ಅವು ನೇತಾಡುವ ಒಳಮೂಲೆಗೆ ಬೆಳಕೇ ತಲುಪುವುದಿಲ್ಲ. ಆದರೂ ಸಂಜೆ ಸರಿಯಾಗಿ ಮುಳುಗುಹೊತ್ತಿಗೆ ಎಚ್ಚೆತ್ತು ಹೊರಡುತ್ತವೆ. ಹೇಗೆ? ಚಂದ್ರಶೇಖರನ್, ಅವರ ವಿದ್ಯಾರ್ಥಿ ಜಿ. ಮಾರಿಮುತ್ತು ಮತ್ತು ಜೊತೆಗಾರರು ಮಾಡಿದ ಪ್ರಯೋಗ ನೋಡಲು ಬಹಳ ಸರಳ. ಒಂದು ಬಾವಲಿಯನ್ನು ಹಿಡಿದು ಪಂಜರದಲ್ಲಿಟ್ಟು, ಅದೇ ಗುಹೆಯ ಕತ್ತಲಲ್ಲಿ ಬಿಟ್ಟರು. ಅದು ಹೊರಗೆ ಹೋಗುವಂತಿಲ್ಲ, ಬೆಳಕು ಕಾಣುವಂತಿಲ್ಲ. ಸುತ್ತ ಮಾತ್ರ ಬಳಗದವರು ಸಂಜೆ ಹೊರಡುವುದು, ಬೆಳಗಿನ ಜಾವ ಮರಳುವುದು ನಡೆದೇ ಇತ್ತು. ಪಂಜರದ ಬಾವಲಿ ಯಾವಾಗ ಹಾರಾಡುತ್ತದೆ, ಯಾವಾಗ ತೆಪ್ಪಗಿರುತ್ತದೆ ಎಂಬುದನ್ನು ದಿನಗಟ್ಟಲೆ ದಾಖಲಿಸಿದರು. ಬಳಗ ಏಳುವ ಹೊತ್ತಿಗೆ ಅದೂ ಏಳುತ್ತಿತ್ತು, ದಿನವೂ, ಹೊತ್ತು ತಪ್ಪದೆ.

ಆಮೇಲೆ ಅಂಥದೇ ಬಾವಲಿಯನ್ನು ಬಳಗವಿಲ್ಲದ ಗುಹೆಯಲ್ಲಿಟ್ಟರು. ಅದೇ ಕತ್ತಲು, ಅದೇ ಪಂಜರ. ಅದರ ದಿನ ಜಾರತೊಡಗಿತು. ನಿಲ್ಲಲಿಲ್ಲ, ಕೆಡಲಿಲ್ಲ, ಒಳಗಡಿಯಾರ ಓಡುತ್ತಲೇ ಇತ್ತು, ಆದರೆ ಹೊರಗಿನ ಸಂಜೆಯೊಡನೆ ಅದಕ್ಕಿದ್ದ ನಂಟು ಕಡಿದುಹೋಗಿತ್ತು. 1978ರಲ್ಲಿ ಮೊದಲ ವರದಿ ಬಂತು, 1981ರಲ್ಲಿ ವಿವರವಾದದ್ದು. 1983ರಲ್ಲಿ ಮಾರಿಮುತ್ತು ಮತ್ತು ಚಂದ್ರಶೇಖರನ್ ಇನ್ನೊಂದು ಸ್ವಾರಸ್ಯ ಸೇರಿಸಿದರು: ಬೇರೆ ಕುಟುಂಬಕ್ಕೆ ಸೇರಿದ ಬಾವಲಿಯನ್ನು ತಂದು ಈ ಬಳಗದ ನಡುವೆ ಇಟ್ಟರೆ ಅದಕ್ಕೆ ಇವರ ಗದ್ದಲದಿಂದ ಏನೂ ಉಪಯೋಗವಾಗಲಿಲ್ಲ. ಬರಿಯ ಸದ್ದು ಸಾಲದು, ತನ್ನವರ ಸದ್ದೇ ಆಗಬೇಕು.

ಲಾಕ್‌ಡೌನಿನಲ್ಲಿ ನಮ್ಮ ಬೀದಿಗಳಿಂದ ಮಾಯವಾದದ್ದು ಇದೇ ಎಂದು ನನಗನ್ನಿಸುತ್ತದೆ. ಬಾವಲಿಯ ಪಾಠವನ್ನು ಮನುಷ್ಯರಿಗೆ ನೇರ ಹೊಲಿಯಬಾರದು, ಜೈಸ್ಲರರ ಬೆಳಕಿನ ಮಾತು ಮರೆಯಬಾರದು, ನಿಜ. ಆದರೂ ಕ್ಯಾಬಿನ ಹಾರನ್ನು, ಲಿಫ್ಟಿನಲ್ಲಿ ಸಿಗುವ ಸಹೋದ್ಯೋಗಿ, ಒಂದು ಗಂಟೆಗೆ ಕ್ಯಾಂಟೀನಿಗೆ ಏಳುವ ಇಡೀ ಸಾಲು, ಇವು ಯಾವ ಪಟ್ಟಿಯಲ್ಲೂ ಇರದ ಜಾಗಟೆಗಳು. ಸೊಪ್ಪಿನವರ ಕೂಗು ಉಳಿದಿತ್ತಲ್ಲ ಎಂದರೆ, ಅದು ಅಡುಗೆಮನೆಯ ದಿನಕ್ಕೆ ಜಾಗಟೆ, ಆಫೀಸಿನ ದಿನಕ್ಕಲ್ಲ.

ಹಾಗಾದರೆ ಎಲ್ಲರಿಗೂ ಒಂದೇ ಜಾಗಟೆ ಸಾಕೇ? ಇಲ್ಲಿ ಕತೆ ಬೆಂಗಳೂರಿಗೆ ತಿರುಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಸಿ.ಎನ್.ಆರ್. ರಾವ್ 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಜಕ್ಕೂರಿನಲ್ಲಿದೆ. ಚಂದ್ರಶೇಖರನ್ ಮುಂದೆ ಅಲ್ಲಿಗೆ ಬಂದರು. ಅಲ್ಲಿ ಬಾವಲಿಯ ಜಾಗಕ್ಕೆ ಬಂದದ್ದು ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣ. ಈ ನೊಣಕ್ಕೆ ಆಗಲೇ ದೊಡ್ಡ ಹೆಸರಿತ್ತು. 1971ರಲ್ಲಿ ಅಮೆರಿಕದ ಕೊನೊಪ್ಕಾ ಮತ್ತು ಬೆಂಜರ್, ದಿನ 19 ಗಂಟೆಯಾಗಿರುವ ನೊಣ, 28 ಗಂಟೆಯಾಗಿರುವ ನೊಣ, ದಿನವೇ ಇಲ್ಲದ ನೊಣ ಈ ಮೂರನ್ನೂ ಹುಡುಕಿ, ಮೂರಕ್ಕೂ ಕಾರಣ ಒಂದೇ ವಂಶವಾಹಿಯಲ್ಲಿನ ವ್ಯತ್ಯಾಸ ಎಂದು ತೋರಿಸಿದ್ದರು. ಆ ವಂಶವಾಹಿಯ ಬೆನ್ನು ಹತ್ತಿದ ಮೂವರಿಗೆ 2017ರ ನೊಬೆಲ್ ಬಂತು.

ಜಕ್ಕೂರಿನವರು ಕೇಳಿದ ಪ್ರಶ್ನೆ ಬೇರೆ. ಶೀಬಾ ವಾಸು, ವಿಜಯ್ ಕುಮಾರ್ ಶರ್ಮ, ಚಂದ್ರಶೇಖರನ್ ಮತ್ತು ಅಮಿತಾಭ್ ಜೋಷಿ 600 ತಲೆಮಾರುಗಳಿಂದ ಕತ್ತಲನ್ನೇ ಕಾಣದ, ಸದಾ ಬೆಳಕಿನಲ್ಲೇ ಬೆಳೆದ ನೊಣಗಳನ್ನು ಪರೀಕ್ಷಿಸಿದರು. ಹಗಲು ರಾತ್ರಿ ಎಂದರೇನು ಎಂದೇ ತಿಳಿಯದ ವಂಶ. ಆದರೂ ಕೋಶ ಒಡೆದು ಹೊರಬರುವ ಅವುಗಳ ದಿನದ ತಾಳ ಹಾಗೇ ಉಳಿದಿತ್ತು. 1999ರಲ್ಲಿ ಇದು ಪ್ರಕಟವಾಯಿತು. ಬಳಸದಿದ್ದರೆ ತುಕ್ಕು ಹಿಡಿದು ಹೋಗುವ ಗಡಿಯಾರ ಅದಲ್ಲ.

ಅದಾದ ಮೇಲೆ ಶರ್ಮ ಅವರ ಪ್ರಯೋಗಾಲಯದಲ್ಲಿ ನಡೆದ ಕೆಲಸಕ್ಕೆ ತಾಳ್ಮೆಯೇ ಬಂಡವಾಳ. ಈ ನೊಣಗಳು ಸಾಮಾನ್ಯವಾಗಿ ಬೆಳಗಿನ ಹೊತ್ತು ಕೋಶದಿಂದ ಈಚೆ ಬರುತ್ತವೆ, ಒಂದಷ್ಟು ತಡವಾಗಿ ಬರುತ್ತವೆ. ಒಂದು ಸಾಲಿನಲ್ಲಿ ಬೆಳಗಿನ ಐದರಿಂದ ಒಂಬತ್ತರೊಳಗೆ ಹೊರಬಂದವನ್ನು ಮಾತ್ರ ಆರಿಸಿ ಮುಂದಿನ ತಲೆಮಾರಿಗೆ ತಂದೆತಾಯಿ ಮಾಡಿದರು. ಇನ್ನೊಂದು ಸಾಲಿನಲ್ಲಿ ಸಂಜೆ ಐದರಿಂದ ಒಂಬತ್ತರೊಳಗೆ ಬಂದವನ್ನು. ತಲೆಮಾರಿನ ಮೇಲೆ ತಲೆಮಾರು ಇದೇ ಕೆಲಸ. ಸೀಸೆ ನೋಡುವವರು ನಸುಕಿನಲ್ಲೂ ಹಾಜರು, ಮುಸ್ಸಂಜೆಯಲ್ಲೂ ಹಾಜರು. 2007ರಲ್ಲಿ ವರದಿ ಬರೆಯುವಾಗ 55 ತಲೆಮಾರು ದಾಟಿತ್ತು. ಬೆಳಗಿನ ವಂಶದಲ್ಲಿ ಬೆಳಗಿನವೇ ಹೆಚ್ಚು, ಸಂಜೆಯ ವಂಶದಲ್ಲಿ ಸಂಜೆಯವು ಹೆಚ್ಚು. ಅಷ್ಟೇ ಅಲ್ಲ, ಕತ್ತಲಲ್ಲಿಟ್ಟು ನೋಡಿದರೆ ಬೆಳಗಿನವರ ಒಳಗಡಿಯಾರ ಚೂರು ಬೇಗ ಓಡುತ್ತಿತ್ತು, ಸಂಜೆಯವರದು ಚೂರು ನಿಧಾನ. ಬೇಗ ಏಳುವುದು, ತಡವಾಗಿ ಏಳುವುದು ಇವು ಹುಟ್ಟಿನೊಡನೆ ಬರುವ ಗುಣಗಳಾಗಿ ವಂಶದಲ್ಲಿ ಇಳಿಯಬಲ್ಲವು.

ಬೆಳಿಗ್ಗೆ ಐದಕ್ಕೆ ಏಳದವನು ಉದ್ಧಾರವಾಗುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಇನ್ನೂ ಹೇಳುವವರಿದ್ದಾರೆ. ಸಂಜೆಯ ವಂಶದ ನೊಣಗಳು ಜಕ್ಕೂರಿನಲ್ಲಿ ಚೆನ್ನಾಗಿಯೇ ಸಂಸಾರ ಮಾಡಿಕೊಂಡಿದ್ದವು ಎಂದು ಅವರಿಗೆ ಯಾರಾದರೂ ತಿಳಿಸಬೇಕು.

ಬನಶಂಕರಿಯ ಆ ಟೆಸ್ಟಿಂಗ್ ಎಂಜಿನಿಯರಿಗೆ ಈ ಗುಹೆ, ನೊಣ ಯಾವುದೂ ಗೊತ್ತಿರಲಿಲ್ಲ. ಅವಳ ಬಳಿ ಇದ್ದದ್ದು ತಾನು ಹಿಡಿದ ತಪ್ಪುಗಳ ಪಟ್ಟಿ. ಸಾಫ್ಟ್‌ವೇರ್ ಪರೀಕ್ಷಿಸುವವರು ಬಗ್ ಸಿಕ್ಕಾಗ ಜಿರಾ ಎಂಬ ತಂತ್ರಾಂಶದಲ್ಲಿ ಹಾಕುತ್ತಾರೆ, ಗಂಟೆ ನಿಮಿಷ ತಾನಾಗಿ ಬೀಳುತ್ತದೆ. ವರ್ಷದ ಕೊನೆಯ ಅಪ್ರೈಸಲ್‌ಗೆಂದು ಅದನ್ನು ಎಕ್ಸೆಲ್‌ಗೆ ಇಳಿಸಿದಾಗ ಅವಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಗುಂಡಿಯ ಬಣ್ಣ ಸರಿಯಿಲ್ಲ, ಸ್ಪೆಲಿಂಗ್ ತಪ್ಪಿದೆ ಇಂಥವು ದಿನವಿಡೀ ಹರಡಿದ್ದವು. ಡೆವಲಪರ್‌ಗಳ ತಲೆ ತಿನ್ನುವಂಥ, ಎರಡು ಮೂರು ಹೆಜ್ಜೆ ಹಿಂದಕ್ಕೆ ಯೋಚಿಸಿ ಹಿಡಿಯಬೇಕಾದ ಬಗ್‌ಗಳು ಹೆಚ್ಚೂಕಮ್ಮಿ ಎಲ್ಲವೂ ಬೆಳಗಿನ ಹತ್ತೂವರೆಯಿಂದ ಒಂದರ ನಡುವೆ ಸಿಕ್ಕಿದ್ದವು. ಕ್ಲೈಟ್ಮನ್ ಇಸ್ಪೀಟಿನಲ್ಲಿ ಕಂಡದ್ದನ್ನೇ ಇವಳು ಜಿರಾದಲ್ಲಿ ಕಂಡಳು. ಮತ್ತು ಆ ಹೊತ್ತಿನಲ್ಲಿ ಮನೆಯಲ್ಲಿ ಆಗುತ್ತಿದ್ದದ್ದೇನು? ಗ್ಯಾಸಿನವನ ಓಟಿಪಿ, ಕೊರಿಯರ್, ಮಗಳ ಆನ್‌ಲೈನ್ ಕ್ಲಾಸಿನ ಲಿಂಕು, ತಿಂಡಿ ಪಾತ್ರೆ, ಆಫೀಸಿನ ಮೇಲ್‌ಗಳಿಗೆ ಉತ್ತರ. ತಲೆ ಬೇಡದ ಕೆಲಸಗಳೆಲ್ಲ ತಲೆ ಓಡುವ ಹೊತ್ತನ್ನು ತಿಂದು ಹಾಕುತ್ತಿದ್ದವು. ಕೆಂಪು ಗೆರೆಯ ಕೆಲಸ ಊಟವಾದ ಮೇಲಿನ ಮಂಪರಿಗೆ ಬಂದು ಬೀಳುತ್ತಿತ್ತು, ಅಲ್ಲಿಂದ ರಾತ್ರಿಗೆ.

‘ಅತ್ತೆ, ಹತ್ತೂವರೆ ಮೇಲೆ ಒಂದು ಗಂಟೆವರೆಗೂ ನಾನು ಮನೇಲಿಲ್ಲ ಅಂದ್ಕೊಳ್ಳಿ’ ಅಂದಳಂತೆ ಒಂದು ದಿನ.

‘ಸರಿ ಕಣಮ್ಮ. ಒಂದಕ್ಕೆ ಸರಿಯಾಗಿ ತಟ್ಟೆ ಹಾಕಿ ಬಾಗಿಲು ಬಡೀತೀನಿ. ಆಗ ಇನ್ನೈದು ನಿಮಿಷ ಅನ್ಬಾರ್ದು ನೀನು.’

ಅತ್ತೆ ಮಾತಿಗೆ ತಪ್ಪಲಿಲ್ಲ. ಆಂಡೆಕ್ಸ್‌ನ ಜಾಗಟೆ ಬನಶಂಕರಿಗೆ ಬಂದದ್ದು ಹೀಗೆ. ಮೇಲ್, ಟೈಮ್‌ಶೀಟ್, ಅಪ್ರೂವಲ್ ಎಲ್ಲ ಮಧ್ಯಾಹ್ನಕ್ಕೆ ಹೋದವು. ಪರದೆ ಎಳೆದ ಮಲಗುವ ಕೋಣೆಯಿಂದ ಮೇಜು ಬಾಲ್ಕನಿ ಪಕ್ಕಕ್ಕೆ ಬಂತು. ಅವಳು ಅದನ್ನು ಮಾಡಿದ್ದು ನೆಟ್‌ವರ್ಕ್ ಸಿಗಲೆಂದು. ಆದರೆ ಮೋಡದ ದಿನವೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ, ಟ್ಯೂಬ್‌ಲೈಟ್ ಕೆಳಗೆ ಕೆಲವು ನೂರು ಮಾತ್ರ. ಹನ್ನೊಂದು ನಿಮಿಷದ ಜಾರುವಿಕೆಯನ್ನು ತಿದ್ದುವುದಕ್ಕೆ ಬೆಳಗಿನ ಬಾಲ್ಕನಿಯಷ್ಟು ಒಳ್ಳೆಯ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಅವಳ ಗಂಡನ ಲೆಕ್ಕ ತಿರುವುಮುರುವು. ಅವನು ಸಂಜೆಯ ವಂಶದವನು, ಕೋಡ್ ಬರೆಯಲು ಕೈ ಬರುವುದೇ ಬಿಸಿಲಿಳಿದ ಮೇಲೆ. ಹತ್ತೂವರೆಯಿಂದ ಒಂದರವರೆಗೆ ಗ್ಯಾಸಿನವನು, ಕೊರಿಯರ್, ಮಗಳ ಲಿಂಕು ಅವನ ಪಾಲಿಗೆ ಬಂದವು. ಒಂದೇ ಮನೆಯಲ್ಲಿ ಎರಡು ಬಗೆಯ ಗಡಿಯಾರ ಇರುವುದು ಜಗಳಕ್ಕೆ ಕಾರಣ ಅಂತ ನಾವು ತಿಳಿದಿದ್ದೆವು. ಪಾಳಿ ಹಾಕಿಕೊಂಡರೆ ಅದೇ ಅನುಕೂಲ.

ಅವನ ತೊಂದರೆ ಬೇರೆ ಕಡೆಯಿಂದ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಕಾಲಿಟ್ಟು ಉಪಗ್ರಹದ ಮೂಲಕ ಅಮೆರಿಕದ ಜೊತೆ ಸೇರಿ ಕೆಲಸ ಮಾಡಬಹುದೆಂದು ತೋರಿಸಿದ ಮೇಲೆ, ಈ ಊರಿನ ಸಂಜೆಗಳು ಅಮೆರಿಕದ ಬೆಳಗಿಗೆ ಅಡವಿಟ್ಟಂತೆಯೇ ಇವೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತರ ಮೀಟಿಂಗ್ ಚಳಿಗಾಲದಲ್ಲಿ ಇಲ್ಲಿಗೆ ಸಂಜೆ ಏಳೂವರೆ. ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರ ಮುಂದೂಡಿದಾಗ ಆರೂವರೆ, ನವೆಂಬರಿನಲ್ಲಿ ಮತ್ತೆ ಏಳೂವರೆ. ಸಂಜೆಯ ವಂಶದವನ ಬಂಗಾರದ ಹೊತ್ತೆಲ್ಲ ‘ಕ್ಯಾನ್ ಯು ಹಿಯರ್ ಮಿ’ ಎನ್ನುವುದರಲ್ಲಿ ಕಳೆಯಿತು. ಎಷ್ಟು ಪಟ್ಟಿ ಬರೆದರೂ ಇದು ಸರಿಹೋಗುವಂಥದ್ದಲ್ಲ. ಅವನು ತನ್ನ ಲೀಡ್ ಜೊತೆ ಮಾತಾಡಿ ವಾರಕ್ಕೆ ಎರಡು ಸಂಜೆ ಕಾಲ್ ಇಲ್ಲದಂತೆ ಮಾಡಿಕೊಂಡ. ಕಷ್ಟದ ಕೋಡೆಲ್ಲ ಈಗ ಆ ಎರಡು ಸಂಜೆಗಳಿಗೆ ಕಾಯುತ್ತದೆ.

ಬಿ.ಟಿ.ಎಂ.ನಲ್ಲಿ ಒಂಟಿಯಾಗಿ ರೂಮು ಮಾಡಿಕೊಂಡಿರುವ ಹುಡುಗರಿಗೆ ಬಾಗಿಲು ಬಡಿಯುವ ಅತ್ತೆಯಿಲ್ಲ. ಅವರಲ್ಲಿ ಹಲವರು ದುಡ್ಡು ಕೊಟ್ಟು ಕೋವರ್ಕಿಂಗ್ ಜಾಗಗಳಲ್ಲಿ ಕೂರುತ್ತಾರೆ. ಮನೆಯಲ್ಲಿ ಇದೇ ವೈಫೈ ಇರುವಾಗ ಅದೇಕೆ ಎಂದು ಊರಿನಿಂದ ಬಂದ ಅಪ್ಪ ಅಮ್ಮ ಕೇಳುವುದುಂಟು. ಪಂಜರದ ಬಾವಲಿಯ ದಾಖಲೆ ನೋಡಿದವರು ಆ ದುಡ್ಡು ದಂಡ ಎನ್ನಲಾರರು. ದರ್ಶಿನಿಯಲ್ಲಿ ಕಾಫಿ ಹಿಡಿದು ಎರಡು ಗಂಟೆ ನಿಂತರೂ ಆ ಲಾಭ ಸಿಗುವುದಿಲ್ಲ. ಅಲ್ಲಿ ಜನವಿರುತ್ತಾರೆ, ಬಳಗ ಇರುವುದಿಲ್ಲ.

ಲಾಕ್‌ಡೌನಿನ ಒಂದು ಒಳ್ಳೆಯ ಪರಿಣಾಮವನ್ನೂ ಹೇಳಬೇಕು. 2020ರಲ್ಲಿ ಆಸ್ಟ್ರಿಯಾ, ಜರ್ಮನಿ, ಸ್ವಿಟ್ಜರ್ಲೆಂಡಿನ ಜನರನ್ನು ವಿಚಾರಿಸಿದ ಅಧ್ಯಯನವೊಂದು, ಕೆಲಸದ ದಿನ ಮಲಗಿ ಏಳುವ ಹೊತ್ತಿಗೂ ರಜಾದಿನ ಮಲಗಿ ಏಳುವ ಹೊತ್ತಿಗೂ ಇದ್ದ ಅಂತರ ಕಮ್ಮಿಯಾದದ್ದನ್ನು ಕಂಡಿತು. ಈ ಅಂತರ ದೊಡ್ಡದಿದ್ದರೆ ಮೈಗೆ ವಾರವಾರವೂ ವಿಮಾನದಲ್ಲಿ ದೇಶ ದಾಟಿ ಬಂದ ಆಯಾಸ ಎಂದು ಮ್ಯೂನಿಕ್ಕಿನ ಟಿಲ್ ರೋನೆಬರ್ಗ್ ಅವರ ತಂಡ 2006ರಲ್ಲೇ ಹೇಳಿತ್ತು. ಮನೆಯಲ್ಲಿದ್ದಾಗ ತಡವಾಗಿ ಏಳುವ ಮೈಯವರು ದಿನವೂ ತಮ್ಮ ಹೊತ್ತಿಗೇ ಎದ್ದರು.

ಈಗ ಆ ಲಾಭ ಕರಗುತ್ತಿದೆ. ಕಂಪನಿಗಳು ವಾರಕ್ಕೆ ಮೂರು ದಿನ ಆಫೀಸಿಗೆ ಕರೆಯುತ್ತಿವೆ. ಸೋಮವಾರ, ಶುಕ್ರವಾರ ಮನೆ ಎಂಬುದು ಬಹಳ ತಂಡಗಳ ಒಪ್ಪಂದ. ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ಎಂಟೂವರೆಗೆ ಎದ್ದು, ಮಂಗಳವಾರ ಆರಕ್ಕೆ ಎದ್ದು ಓಡುವುದು. ಬನಶಂಕರಿಯ ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ತಂಡಗಳಲ್ಲಿ ಮನೆಯ ದಿನಗಳಲ್ಲಿ ಒಂದನ್ನು ಬುಧವಾರಕ್ಕೆ ಹಾಕಿಕೊಡಿ ಎಂದು ಕೇಳಿದರು. ಅವನಿಗೆ ಸಿಕ್ಕಿತು. ಅವಳ ಮ್ಯಾನೇಜರ್, ಬುಧವಾರ ಎಲ್ಲರೂ ಇರುವ ದಿನ, ಆಗುವುದಿಲ್ಲ ಎಂದರು. ಸೋಮವಾರಗಳಲ್ಲಿ ಅವಳು ಮನೆಯಲ್ಲೇ ಇದ್ದರೂ ಆರಕ್ಕೇ ಏಳುತ್ತಾಳೆ, ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾಳೆ. ಒಂದು ಗಂಟೆಗೆ ಅತ್ತೆ ಈಗಲೂ ಬಾಗಿಲು ಬಡಿಯುತ್ತಾರೆ, ಅವಳು ಈಗಲೂ ಇನ್ನೈದು ನಿಮಿಷ ಅನ್ನುತ್ತಾಳೆ.